ಗೋಲಿನ ಮುಂದೆ ಒಡೆದ ಕಾಯಿ

ಮೆಟ್ಟಿಲ ಪಕ್ಕ ಹಿಡಿದುಕೊಳ್ಳೋದಕ್ಕೆ ಕಂಬಿ ಇರುತ್ತೋ ಇಲ್ಲವೋ, ಬೆಳಿಗ್ಗೆಯಿಂದ ತಲೆಯಲ್ಲಿ ಇದೊಂದೇ ಸುತ್ತುತ್ತಿದೆ, ನಾಚಿಕೆಯಾಗಬೇಕು ನನಗೆ, ಅಷ್ಟು ಜನ ಸೇರಿ ಸನ್ಮಾನ ಮಾಡ್ತೀವಿ ಅಂತ ಕಾರು ಕಳಿಸಿದ್ದಾರೆ, ನಾನು ಮಾತ್ರ ವೇದಿಕೆ ಹತ್ತೋದು ಹೇಗೆ ಅಂತ ಲೆಕ್ಕ ಹಾಕ್ತಾ ಕೂತಿದ್ದೀನಿ, ಇದನ್ನ ಯಾರಿಗೂ ಹೇಳೋ ಹಾಗಿಲ್ಲ, ನಿನ್ನೆ ಡೈರಿಯಲ್ಲೂ ಬರೆಯಲಿಲ್ಲ, ಬರೆದರೆ ನಿಜ ಆಗಿಬಿಡುತ್ತೇನೋ ಅನ್ನೋ ಹಾಗೆ ಬಿಸಿಲು ಜಾಸ್ತಿ ಅಂತ ಒಂದು ಸಾಲು ಗೀಚಿ ಮುಚ್ಚಿಟ್ಟೆ — ಮುಂದೆ ಆಲೂಗಡ್ಡೆ ಮೂಟೆ ಹೇರಿಕೊಂಡ ಟ್ರ್ಯಾಕ್ಟರ್ ಒಂದು ದಾರಿ ಬಿಡದೆ ಓಲಾಡ್ತಾ ಹೋಗ್ತಿದೆ, ಹೋಗಲಿ, ಇನ್ನೂ ನಿಧಾನಕ್ಕೆ ಹೋಗಲಿ, ಚನ್ನರಾಯಪಟ್ಟಣ ಬರದೇ ಇದ್ದರೂ ಬೇಜಾರಿಲ್ಲ. ನಮ್ಮ ಕಡೆ ವೇದಿಕೆ ಅಂದರೆ ಡ್ರಮ್ಮಿನ ಮೇಲೆ ಹಲಗೆ, ಹಲಗೆ ಮೇಲೆ ಕೆಂಪು ಮ್ಯಾಟು, ಹತ್ತೋದಕ್ಕೆ ಒಂದು ಸಿಮೆಂಟ್ ಇಟ್ಟಿಗೆ, ಅದರ ಪಕ್ಕ ಯಾರದೋ ಮನೆಯ ಸ್ಟೂಲು, ಹತ್ತುವಾಗ ಬಲಗಾಲು ಮೊದಲು, ಇಳಿಯುವಾಗ ಎಡಗಾಲು ಮೊದಲು, ಹೋದ ಸಲ ಆಪರೇಷನ್ ಆದಮೇಲೆ ಬೆಂಗಳೂರಿನ ಆಸ್ಪತ್ರೆಯ ಫಿಸಿಯೋ ಹುಡುಗಿ ಹೇಳಿಕೊಟ್ಟದ್ದು, ನೋವಿರೋ ಕಾಲಿಗೆ ಮೈ ಎತ್ತೋ ಕೆಲಸ ಕೊಡಬೇಡಿ ಅಂತ. ಮುಂದಿನ ಸೀಟಲ್ಲಿ ಅಪ್ಪ, ಹಳೇಕೋಟೆ ಬಿಟ್ಟಾಗಿನಿಂದ ಡ್ರೈವರಿನ ಕಿವಿ ತಿಂತಿದ್ದಾರೆ, ನಮ್ ಮಗ ಈ ಸಲ ಒಂದನೇ ಕೀಪರ್ ಕಣಪ್ಪ, ಇಂಡಿಯಾ ಟೀಮಿನ ಬಾಗ್ಲು ಕಾಯೋಳು ಇವಳೇಯ, ಡ್ರೈವರ್ ಔದಾ ಸಾ ಔದಾ ಸಾ ಅಂತಾನೆ, ಕನ್ನಡಿಯಲ್ಲಿ ನನ್ನ ಒಂದು ಸಲ ನೋಡಿ, ಕ್ರಿಕೆಟ್ಟಾ ಸಾ ಅಂತಾನೆ, ಅಪ್ಪನಿಗೆ ರೇಗಿಹೋಯ್ತು, ಕ್ರಿಕೆಟ್ಟಲ್ಲ ಕಣಯ್ಯಾ ಫುಟ್‌ಬಾಲು, ಪ್ರಪಂಚ ಎಲ್ಲಾ ಆಡೋದು ಅದ್ನೇ, ನಾವೊಬ್ರು ದಡ್ರು ಇದ್ದೀವಿ ನೋಡು. ಪಕ್ಕದಲ್ಲಿ ಅಮ್ಮ, ಮದುವೆಗೆ ಹೊರಟವಳ ಹಾಗೆ ರೇಷ್ಮೆ ಸೀರೆ ಉಟ್ಟು ಕಿಟಕಿ ಕಡೆ ತಿರುಗಿದ್ದಾಳೆ, ಆದರೆ ನೋಡ್ತಿರೋದು ನನ್ನ ಕಾಲನ್ನ, ಗೊತ್ತಾಗುತ್ತೆ ನನಗೆ, ಗಾಜಿನಲ್ಲಿ ಕಾಣುತ್ತೆ, ಮೊನ್ನೆ ನೀರು ಕಾಯಿಸ್ತಾ ಕೇಳಿದಳಲ್ಲ, ಯಾಕವ್ವ ಕಾಲೆಳೀತಿದ್ದೀಯ, ಏನಿಲ್ಲಮ್ಮ ಜೋಮು ಹಿಡಿದಿತ್ತು, ಓ ಜೋಮಾ ಅಂತ ಸೌದೆ ಮುಂದಕ್ಕೆ ತಳ್ಳಿದಳು, ಮತ್ತೆ ಕೇಳಲಿಲ್ಲ, ಅಮ್ಮ ಒಂದು ಸಲ ಕೇಳಿ ಬಿಟ್ಟಳು ಅಂದರೆ ನಂಬಿಲ್ಲ ಅಂತಲೇ ಅರ್ಥ.

ನಾಳಿದ್ದು ಕ್ಯಾಂಪಿಗೆ ಹೋಗಿ ಸೇರಬೇಕು, ವಿಮಾನದ ಟಿಕೆಟ್ ಫೋನಿಗೆ ಬಂದು ಕೂತಿದೆ. ಮೇಡಂ ಮೆಸೇಜು ಹಾಕಿದ್ದರು, ಮೇಡಂ ಅಂದರೆ ಇಂಡಿಯಾ ಟೀಮಿನ ಕೋಚ್, ನಗೋದಕ್ಕೂ ಶಿಳ್ಳೆ ಊದಿ ಟೈಮ್ ಕೊಡೋ ಹೆಂಗಸು, ಫಿಟ್ ಇದ್ದೀಯಲ್ಲ ಧನ್ಯಾ, ಈ ಸಲ ಒಂದನೇ ನಂಬರ್ ಜೆರ್ಸಿ ನಿನ್ನದು ಅಂತ, ಇಷ್ಟು ವರ್ಷ ಈ ಒಂದು ಮಾತಿಗೇ ಅಲ್ಲವಾ ಕಾದದ್ದು, ಅದು ಬಂದಾಗ ನಾನು ಹಾಸಿಗೆ ಮೇಲೆ ಮಂಡಿಗೆ ಐಸ್ ಕಟ್ಟಿಕೊಂಡು ಕೂತಿದ್ದೆ, ಒಂದು ಹೆಬ್ಬೆರಳು ಕಳಿಸಿದೆ, ಹಳದಿ ಹೆಬ್ಬೆರಳು, ಅಕ್ಷರ ಬರೆಯದೆ ಸುಳ್ಳು ಹೇಳೋದಕ್ಕೆ ಎಷ್ಟು ಅನುಕೂಲ ಮಾಡಿಟ್ಟಿದ್ದಾರೆ ಫೋನಲ್ಲಿ. ಮಂಡಿ ಟಕ್ ಅಂದದ್ದು ನನಗೊಬ್ಬಳಿಗೇ ಕೇಳಿಸಿದ್ದು, ತೋಟದಲ್ಲಿ ಯಾರೂ ಇರಲಿಲ್ಲ, ಕೊಟ್ಟಿಗೆ ಗೋಡೆಗೆ ಬಾಲ್ ಒದ್ದು ವಾಪಸ್ ಬಂದದ್ದನ್ನ ಹಾರಿ ಹಿಡಿಯೋದು, ರಜೆಯಲ್ಲಿ ನನ್ನ ಪ್ರಾಕ್ಟೀಸು ಅಷ್ಟೇ, ಎಡಕ್ಕೆ ಹಾರಿದೆ, ಬಾಲ್ ಸಿಕ್ಕಿತು, ಕಾಲು ಮಾತ್ರ ತೆಂಗಿನ ಮರದ ಪಾತಿಯೊಳಕ್ಕೆ ಇಳಿಯಿತು, ಅಪ್ಪ ಆಗತಾನೇ ನೀರು ಬಿಟ್ಟಿದ್ದ ಪಾತಿ, ಮೈ ಒಂದು ಕಡೆ ಮಂಡಿ ಇನ್ನೊಂದು ಕಡೆ — ಟಕ್ — ಮರೆಯೋ ಸದ್ದಲ್ಲ ಅದು, ಮೊದಲ ಸಲ ಕೊಚ್ಚಿಯ ಕ್ಯಾಂಪಿನಲ್ಲಿ ಮಂಡಿ ಹೋದಾಗ ಕೇಳಿದ್ದೆನಲ್ಲ, ಒಳಗಿನ ಹುರಿ ಹರಿದದ್ದು, ಆಮೇಲೆ ಕೊಯ್ದು ಕಟ್ಟಿ ಹೊಲಿದು, ಒಂದು ವರ್ಷ ಕೋಲು ಹಿಡಿದು, ಮಕ್ಕಳ ಹಾಗೆ ನಡೆಯೋದು ಕಲಿತು, ವಾಪಸ್ ಹೋಗಿ ಮತ್ತೆ ಗ್ಲೌಸ್ ಹಾಕಿಕೊಂಡೆನಲ್ಲ, ಆ ಡಾಕ್ಟರು ಆಗಲೇ ಹೇಳಿದ್ದರು, ನೋಡಮ್ಮ, ಇನ್ನೊಂದು ಸಲ ಹೋದರೆ ನಡೆಯೋದಕ್ಕೆ ಸರಿ ಮಾಡಿಕೊಡ್ತೀನಿ, ಹಾರೋದಕ್ಕಲ್ಲ. ಬಾಲನ್ನ ಬಿಟ್ಟಿರಲಿಲ್ಲ ನಾನು, ಎದೆಗೆ ಅವುಚಿಕೊಂಡು ಕೆಸರಲ್ಲಿ ಅಂಗಾತ ಬಿದ್ದಿದ್ದೆ, ಮೇಲೆ ಗರಿಗಳು ಅವುಗಳ ಪಾಡಿಗೆ ಅಲ್ಲಾಡ್ತಿದ್ದವು, ಎಷ್ಟು ಒಳ್ಳೇ ಕ್ಯಾಚು ಅಂತ ಅನ್ನಿಸಿತು, ಥೂ, ಆ ಹೊತ್ತಲ್ಲೂ ಅದೇ ಅನ್ನಿಸಿತು.

ಹೊಳೆನರಸೀಪುರದ ಹೈಸ್ಕೂಲು ಹಿಂದಕ್ಕೆ ಹೋಯಿತು, ಕಾಂಪೌಂಡಿಗೆ ಹೊಸ ಬಣ್ಣ, ಒಳಗೆ ಅದೇ ಬಯಲು, ಅಲ್ಲೇ ಅಲ್ಲವಾ ಬೋರಪ್ಪ ಮೇಷ್ಟ್ರು ನನ್ನ ಗೋಲಿನೊಳಗೆ ನಿಲ್ಲಿಸಿದ್ದು, ಪಿಟಿ ಮೇಷ್ಟ್ರು, ಅವರ ಟೀಮಿಗೆ ಓಡೋ ಹುಡುಗಿಯರಿದ್ದರು ಒದೆಯೋ ಹುಡುಗಿಯರಿದ್ದರು, ಗೋಲಲ್ಲಿ ನಿಂತು ಒದೆಸಿಕೊಳ್ಳೋದಕ್ಕೆ ಮಾತ್ರ ಯಾರೂ ಬರಲಿಲ್ಲ, ಗೋಡೆ ಪಕ್ಕ ಕೂತಿದ್ದವಳನ್ನ ಬೆರಳು ಮಾಡಿ ಕರೆದರು, ಏಯ್ ಮೂಗಿ, ಬಾಯ್ಲಿ, ಕಾಯಿ ಹಿಡ್ದಂಗೆ ಹಿಡಿ ನೋಡಾನ — ನಾನು ಕಾಯಿ ಹಿಡಿಯೋದು ಅವರಿಗೆ ಹೇಗೆ ಗೊತ್ತಾಯಿತೋ, ಮನೆಯಲ್ಲಿ ಲಾರಿಗೆ ಕಾಯಿ ತುಂಬೋ ದಿನ ಆಳು ಕಮ್ಮಿ ಬಿದ್ದರೆ ಅಪ್ಪ ನನ್ನನ್ನೂ ಸಾಲಿಗೆ ನಿಲ್ಲಿಸ್ತಿದ್ದರು, ಕೆಳಗಿನವರು ಜೋಡಿ ಕಾಯಿ ಎಸೆಯೋದು, ನಡುವೆ ನಾನು ಹಿಡಿದು ಮೇಲಿನವರಿಗೆ ಎಸೆಯೋದು, ಲಾಭ, ಎರಡು, ಮೂರು ಅಂತ ಅಪ್ಪ ಎಣಿಸ್ತಿದ್ದರು, ಒಂದು ಅಂತ ಶುರು ಮಾಡೋ ಹಾಗಿಲ್ಲ, ಲಾಭ ಅಂತಲೇ ಅನ್ನಬೇಕು, ಕೈ ಮುಂದೆ ಚಾಚಿ ತಡೆದರೆ ಬೆರಳು ಮುರಿಯುತ್ತೆ, ಬರ್ತಿರೋ ಕಾಯಿಯ ಜೊತೆ ಕೈಯೂ ಹಿಂದಕ್ಕೆ ಹೋಗಬೇಕು, ಕಾಯಿಗೇ ಗೊತ್ತಾಗಬಾರದು ಹಿಡಿದರು ಅಂತ. ಬಾಲ್ ಅದಕ್ಕಿಂತ ಹಗುರ. ಮೊದಲನೇದು ಬಂತು, ಹಿಡಿದೆ, ಮನಸ್ಸಲ್ಲೇ ಲಾಭ ಅಂದುಕೊಂಡೆ, ಈಗಲೂ ಅಷ್ಟೇ, ಹೊರದೇಶದ ಸ್ಟೇಡಿಯಮ್ಮಿನಲ್ಲಿ ವಾರ್ಮಪ್ಪಿಗೆ ನಿಂತರೂ ಮೊದಲ ಬಾಲಿಗೆ ಲಾಭ. ಅಲ್ಲಿ ನಿಲ್ಲೋದು ಇಷ್ಟವಾಗಿದ್ದಕ್ಕೆ ಕಾರಣ ಮೇಷ್ಟ್ರಿಗೆ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿಲ್ಲ, ಅಲ್ಲಿ ಯಾರೂ ಮಾತಾಡಿಸೋದಿಲ್ಲ, ಆಟ ಎಲ್ಲೋ ದೂರದಲ್ಲಿ ನಡೀತಿರುತ್ತೆ, ನನ್ನದು ಅಂತ ಒಂದು ಬಾಗಿಲು, ಒಂದಿಷ್ಟು ಮಣ್ಣು, ಎರಡು ಕಂಬ. ಹಾಸನದ ಹಾಸ್ಟೆಲಿಗೆ ಸೇರಿದ ಮೇಲೆ ಗೊತ್ತಾಯಿತು, ಕೀಪರ್ ಆದವಳು ಕೂಗಬೇಕು, ಎಲ್ಲರಿಗಿಂತ ಜಾಸ್ತಿ ಕೂಗಬೇಕು, ನನ್ನದು ಬಿಡು, ಎಡಕ್ಕೆ ಬಾ, ಹಿಂದೆ ನೋಡು, ಎಲ್ಲ ಕಾಣೋದು ಅವಳೊಬ್ಬಳಿಗೇ ಅಲ್ಲವಾ, ನನಗೆ ಎಲ್ಲ ಕಾಣುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ, ಬಿ.ಎ. ಮಾಡುವಾಗ ಹಾಜರಿ ಕರೆದರೆ ಪ್ರೆಸೆಂಟ್ ಅನ್ನೋದಕ್ಕೂ ಪಕ್ಕದವಳ ಕೈ ತಿವೀತಿದ್ದವಳು ನಾನು. ಬಾಯಿ ಬಿಡು ಧನ್ಯಾ, ಮೇಷ್ಟ್ರು ಹೇಳಿದರು, ಸ್ಟೇಟ್ ಕೋಚ್ ಹೇಳಿದರು, ಮೇಡಂ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಹೇಳಿದರು, ನಿನ್ನ ಕೈ ಚಿನ್ನ, ನಿನ್ನ ಬಾಯಿ ಬೀಗ ಅಂದರು, ಬೆಂಚಿನ ಮೇಲೆ ಕೂರಿಸಿದರು.

ಬೆಂಚು ಅಂದರೆ ಏನು ಅಂತ ಹಳೇಕೋಟೆಯಲ್ಲಿ ಯಾರಿಗೆ ತಿಳಿಸಿ ಹೇಳೋದು. ಒಬ್ಬಳೇ ಕೀಪರ್ ಆಡೋದು, ಎರಡನೆಯವಳು ಕೂತು ನೋಡೋದು, ಆಡುವವಳಿಗೆ ಬೆಳಿಗ್ಗೆ ಬಾಲ್ ಒದ್ದು ಕೈ ಬಿಸಿ ಮಾಡೋದು, ಆಮೇಲೆ ಬಣ್ಣದ ಬನಿಯನ್ ಹಾಕಿಕೊಂಡು ಪ್ಲಾಸ್ಟಿಕ್ ಕುರ್ಚಿ ಮೇಲೆ, ತಾಷ್ಕೆಂಟಿನಲ್ಲಿ ಕೂತೆ, ಹನೋಯಿಯಲ್ಲಿ ಕೂತೆ, ಕಠ್ಮಂಡುವಿನ ಚಳಿಯಲ್ಲಿ ಕಂಬಳಿ ಹೊದ್ದು ಕೂತೆ, ಪಾಸ್‌ಪೋರ್ಟ್ ತುಂಬ ಸೀಲು, ಗ್ಲೌಸಿಗೆ ಮಣ್ಣಿಲ್ಲ, ಇಷ್ಟು ವರ್ಷದಲ್ಲಿ ನಿಜವಾಗಿ ಆಡಿದ್ದು ಬೆರಳಲ್ಲಿ ಎಣಿಸೋ ಅಷ್ಟು. ಊರಲ್ಲಿ ಮಾತ್ರ ಪ್ರತಿ ಸಲ ಟಿವಿ ಮುಂದೆ ಜನ ತುಂಬುತ್ತಿದ್ದರಂತೆ, ಅಮ್ಮ ಟಿವಿಗೇ ಕುಂಕುಮ ಇಡುತ್ತಿದ್ದಳಂತೆ, ಎಲ್ಲವ್ವ ನಿನ್ ಮಗಳು ಎಲ್ಲವ್ವ ಅಂತ ಕೇಳೋರು, ಬತ್ತಾಳೆ ಇರ್ರಿ ಈಗ ಬತ್ತಾಳೆ ಅಂತ ಅಪ್ಪ, ಕ್ಯಾಮೆರಾ ಬೆಂಚಿನ ಮೇಲೆ ಒಂದು ಸಲ ಹಾದು ಹೋಯಿತಂತೆ, ನಾನು ಮೂಗು ಒರೆಸಿಕೊಳ್ತಿದ್ದೆನಂತೆ, ಅಷ್ಟಕ್ಕೇ ಕೇಕೆ, ಅಷ್ಟಕ್ಕೇ ಕಾಫಿ. ಫೋನು ಮಾಡಿ ಅಪ್ಪ ಒಂದೇ ಒಂದು ಸಲ ಕೇಳಿದರು, ಅಲ್ಲಾ ಮಗ, ನಿನ್ನ ಯಾವಾಗ ಇಳಿಸ್ತಾರೆ, ಇಳಿಸ್ತಾರೆ ಅಪ್ಪ, ಆಯ್ತು ಮಗ, ಉಣ್ಣು ಹೊಟ್ಟೆ ತುಂಬ. ನಾನು ಬೇಜಾರು ಮಾಡಿಕೊಳ್ತೀನಿ ಅಂತ ಮತ್ತೆ ಕೇಳಲೇ ಇಲ್ಲ, ತೋಟದಲ್ಲಿ ಸರ್ವೆ ಮರದ ಗೋಲು ನೆಟ್ಟರು, ಮೀನಿನ ಬಲೆ ತಂದು ಕಟ್ಟಿದರು, ಆಪರೇಷನ್ ಆದಾಗ ಆ ಬಲೆ ಹರಿದಿದ್ದನ್ನ ಹೊಲಿಯುತ್ತಾ ನನ್ನ ಮಂಚದ ಪಕ್ಕ ಕೂತಿರುತ್ತಿದ್ದರು, ಏನೂ ಮಾತಾಡದೆ, ನನಗೆ ಈ ಬಾಯಿ ಬಂದಿರೋದು ಅಪ್ಪನಿಂದಲೇ ಅನ್ನಿಸುತ್ತೆ, ಈಗ ನೋಡಿದರೆ ಡ್ರೈವರಿನ ಹತ್ತಿರ ಬಿಡುವಿಲ್ಲದೆ ಮಾತಾಡ್ತಿದ್ದಾರೆ, ಒಂದನೇ ನಂಬರಂತೆ, ಮದ್ಲಿದ್ದ ಹುಡ್ಗಿ ಮದ್ವೆ ಆಗ್ಬುಟ್ಲಂತೆ, ಈಗ ನಮ್ದೇಯ — ಹೇಗೆ ಹೇಳೋದು ಇವರಿಗೆ, ಎಲ್ಲಿಂದ ಶುರು ಮಾಡೋದು, ಅಪ್ಪ ನೀವು ನೀರು ಬಿಟ್ಟ ಪಾತಿಯಲ್ಲಿ ಅಂತಲಾ, ಸಾಯೋವರೆಗೂ ಆ ಮರಕ್ಕೆ ನೀರು ಹಾಯಿಸೋದಿಲ್ಲ ಆಮೇಲೆ, ಅಥವಾ ಮರವನ್ನೇ ಕಡಿಸ್ತಾರೆ. ಕ್ಯಾಂಪಿಗೆ ಹೋಗಿ ಮೊದಲ ದಿನವೇ ಬಿದ್ದ ಹಾಗೆ ಮಾಡಿದರೆ, ಅಲ್ಲೇ ಟಕ್ ಅಂತು ಅಂದರೆ, ಯಾರ ತಪ್ಪೂ ಅಲ್ಲ, ದೇಶಕ್ಕಾಗಿ ಬಿದ್ದಳು ಅಂತಾರೆ, ಈ ಯೋಚನೆ ಬಂದಾಗಿನಿಂದ ಅದನ್ನೇ ಮಗುಚಿ ಮಗುಚಿ ಹಾಕ್ತಿದ್ದೀನಿ, ದೋಸೆ ಹಾಗೆ, ಇನ್ನೊಬ್ಬಳು ಕೀಪರ್ ನನ್ನ ಹಿಂದೆ ಬೆಂಚಲ್ಲಿ ಕೂತಿರುತ್ತಾಳೆ ಅನ್ನೋದು ನೆನಪಾದಾಗ ಮಾತ್ರ ಅದು ಸೀದುಹೋಗುತ್ತೆ, ಅವಳೂ ಕಾಯ್ತಿರ್ತಾಳೆ, ನನಗೆ ಗೊತ್ತಲ್ಲ ಕಾಯೋದು ಅಂದರೆ ಏನು ಅಂತ.

ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡ್ ಹತ್ತಿರವೇ ಇಳಿಸಿ ತೆರೆದ ಜೀಪಿಗೆ ಹತ್ತಿಸಿದರು, ಶಿವಕುಮಾರ್ ಅವರು, ತೆಂಗಿನಕಾಯಿ ಮಂಡಿಯ ಯಜಮಾನರು, ಅಪ್ಪನ ಕಾಯಿ ಹೋಗೋದೂ ಅಲ್ಲಿಗೇ, ಸನ್ಮಾನದ ಜೊತೆ ಇವತ್ತು ಹುಡುಗಿಯರ ಫುಟ್‌ಬಾಲ್ ಪಂದ್ಯಾವಳಿ ನಡೆಸ್ತಿರೋರೂ ಅವರೇ, ಬಿಳೀ ಪಂಚೆ, ಹಣೆ ತುಂಬ ವಿಭೂತಿ, ಬಾ ತಾಯಿ ಬಾ ಅಂತ ರಟ್ಟೆ ಹಿಡಿದು ಒಂದೇ ಸಲಕ್ಕೆ ಮೇಲೆಳೆದರು, ಬಲಗಾಲು ಎಡಗಾಲು ಅಂತ ಯೋಚಿಸೋದಕ್ಕೆ ಬಿಡಲೇ ಇಲ್ಲ, ಎಡಮಂಡಿಯೊಳಗೆ ಏನೋ ಜಾರಿ ಮತ್ತೆ ಕೂತಿತು, ಬೆವರು ಒಡೆಯಿತು, ನಗು ತಾಯಿ ಫೋಟೋ ತೆಗೀತವ್ರೆ, ನಕ್ಕೆ. ತಮಟೆ, ಹೂವು, ಹೈವೇ ಬಸ್ಸಿನ ಕಿಟಕಿಯಿಂದ ಜನ ಯಾರಪ್ಪ ಇದು ಯಾವ ಪಾರ್ಟಿ ಅಂತ ಕೇಳ್ತಿದ್ದಾರೆ, ಅಂಗಡಿ ಮುಂದಿನ ಮುದುಕಿ ಒಬ್ಬಳು ನನ್ನ ಪ್ಯಾಂಟು ನೋಡಿ, ಗಂಡೋ ಹೆಣ್ಣೋ ಅಂದಳು, ಅಮ್ಮ ಜೀಪಿನ ಹಿಂದೆ ನಡೀತಾ ತಿರುಗಿ ಹೇಳಿದಳು, ಎರಡಕ್ಕೂ ಮೇಲು ಕಣಮ್ಮೋ. ವೇದಿಕೆಗೆ ಕಂಬಿ ಇರಲಿಲ್ಲ, ಸ್ಟೂಲಿತ್ತು, ಹೇಗೋ ಹತ್ತಿಬಿಟ್ಟೆ, ಅಮ್ಮನ ಭುಜ ಸಿಕ್ಕಿತು, ತಾನಾಗೇ ಬಂದು ನಿಂತಿದ್ದಳು ಭುಜ ಕೊಟ್ಟು, ಮುಖ ಆ ಕಡೆ. ಮೈಕಿನವರು ಶುರು ಮಾಡಿದರು, ಅಂತರರಾಷ್ಟ್ರೀಯ ಮಟ್ಟದಲ್ಲಿ ಗೋಲುಗಳ ಸುರಿಮಳೆಗರೆದ ನಮ್ಮ ಜಿಲ್ಲೆಯ ಹೆಮ್ಮೆಯ ಪುತ್ರಿ, ಒಂದೂ ಹೊಡೆದಿಲ್ಲ ನಾನು, ತಡೆಯೋದು ನನ್ನ ಕೆಲಸ, ಅಪ್ಪನೂ ಮುಂದಿನ ಸಾಲಲ್ಲಿ ಚಪ್ಪಾಳೆ ಹೊಡೀತಿದ್ದಾರೆ, ಮೈಸೂರು ಪೇಟ ಕಣ್ಣಿನವರೆಗೂ ಇಳಿದುಬಂತು, ಎತ್ತಿದರೆ ಮತ್ತೆ ಇಳಿಯುತ್ತೆ, ಶಾಲು, ಹಾರ, ಹಣ್ಣಿನ ಬುಟ್ಟಿ, ಬುಟ್ಟಿ ಹಿಡಿದುಕೊಂಡು ನಿಂತಿರೋದು ಎಷ್ಟು ಹೊತ್ತು, ಭಾರ ಎಲ್ಲ ಬಲಗಾಲಿಗೆ, ಎರಡು ಮಾತಾಡಿ ಅಂದರು, ಎಲ್ಲರಿಗೂ ನಮಸ್ಕಾರ ಅಂದೆ, ಅದು ಒಂದು ಮಾತು, ಇನ್ನೊಂದು ನಾಲಿಗೆ ತುದಿಯಲ್ಲಿತ್ತು, ಮೈಕು ಕುಂಯ್ ಅಂತು, ಕೂತುಬಿಟ್ಟೆ, ಎಷ್ಟು ವಿನಯ ನೋಡ್ರಿ ಅಂದರು ಮೈಕಿನವರು, ತುಂಬಿದ ಕೊಡ ತುಳುಕೋದಿಲ್ಲ, ಮತ್ತೆ ಚಪ್ಪಾಳೆ. ಸಾಕಾಗಿದೆ, ಯಾರ ಮೇಲೂ ಸಿಟ್ಟಿಲ್ಲ, ಸಾಕಾಗಿದೆ ಅಷ್ಟೇ, ಖುಷಿಯಾಗಿರೋ ಮುಖ ಹೊತ್ತುಕೊಂಡಿರೋದು ಈ ಹಣ್ಣಿನ ಬುಟ್ಟಿಗಿಂತ ಭಾರ.

ಆಮೇಲೆ ಬಯಲಿಗೆ ಕರೆದುಕೊಂಡು ಹೋದರು, ಉದ್ಘಾಟನೆಗೆ, ನಾನು ಒಂದು ಬಾಲ್ ಒದೆಯಬೇಕಂತೆ, ಅದಕ್ಕೆ ಮೊದಲು ಗೋಲಿನ ಪೂಜೆ, ಕಂಬಕ್ಕೆ ಮಾವಿನ ಸೊಪ್ಪು ಕಟ್ಟಿದ್ದಾರೆ, ಅರಿಶಿನ ಕುಂಕುಮ ಹಚ್ಚಿದ್ದಾರೆ, ಬಾಲಿಗೂ ವಿಭೂತಿ ಬಳಿದು ಹೂವು ಏರಿಸಿದ್ದಾರೆ, ಹೊಸ ಲಾರಿಗೆ ಮಾಡೋ ಹಾಗೆ, ಚೆನ್ನಾಗೇ ಇದೆ, ಬೋರಪ್ಪ ಮೇಷ್ಟ್ರು ಸಿಕ್ಕಿದರು, ರಿಟೈರಾದರೂ ಬಿಟ್ಟಿಲ್ಲ, ಈಗ ಅರಕಲಗೂಡಿನ ಹುಡುಗಿಯರ ಟೀಮು ಕಟ್ಟಿದ್ದಾರೆ, ಕತ್ತಿನಲ್ಲಿ ಅದೇ ಶಿಳ್ಳೆ, ತಲೆ ಪೂರ್ತಿ ಬೆಳ್ಳಗಾಗಿದೆ, ಏನವ್ವ ಮೂಗಿ, ದೊಡ್ ಮನ್ಸೆ ಆಗ್ಬುಟ್ಟೆ, ಇವಳು ನೋಡು ಮಾನ್ಯ ಅಂತ, ನಮ್ ಕೀಪರ್ರು, ನಿನಗೆ ತದ್ವಿರುದ್ಧ, ಬಾಯಿ ಮುಚ್ಚಾಕಿಲ್ಲ. ಮಾನ್ಯ ಎಂಟನೇ ಕ್ಲಾಸಿರಬೇಕು, ದೊಡ್ಡವರ ಗ್ಲೌಸು, ಬೆರಳ ತುದಿಗಳು ಖಾಲಿ ಜೋತಾಡ್ತಿವೆ, ಶೂ ಇಲ್ಲ, ಅಕ್ಕ ನಿಮ್ಮುನ್ನ ಟಿವಿಲಿ ನೋಡಿದೀನಿ, ಮೂಗು ಒರೆಸ್ಕೋತಿದ್ರಿ ಅಂದಳು, ಮೇಷ್ಟ್ರು ತಲೆಗೆ ಮೊಟಕಿದರು, ನನಗೆ ಇವತ್ತು ಮೊದಲ ಸಲ ನಿಜವಾಗಿ ನಗು ಬಂತು. ಅಷ್ಟರಲ್ಲಿ ಶಿವಕುಮಾರ್ ಅವರ ಕಡೆಯವರು ಮೂಟೆ ಇಳಿಸಿದರು, ಮಂಡಿಯ ಕಾಯಿ, ಸುಲಿದ ಗಟ್ಟಿ ಕಾಯಿ, ಈಡುಗಾಯಿ ಹಾಕೋದಕ್ಕೆ, ನಮ್ಮ ಪಟ್ಟಣದಲ್ಲಿ ಕಾಯಿಗೆ ಬರವಾ ಕೃಷ್ಣಪ್ಪೋರೆ, ಮಗಳ ಹೆಸರಲ್ಲಿ ದೃಷ್ಟಿ ತೆಗ್ದು ಒಡೀರಿ, ನೀವೇ ಮದ್ಲು ಅಂದರು ಶಿವಕುಮಾರ್ ಅಪ್ಪನಿಗೆ — ಬೇರೆ ಊರಿನವರಾಗಿದ್ದರೆ ಒಂದು ಕಾಯಿ ಒಡೆದು ಬಿಡುತ್ತಿದ್ದರು, ನೆಲದ ಮೇಲೆ ಕಲ್ಲಿಟ್ಟು ಪಕ್ಕಕ್ಕೆ ಒಡೆಯುತ್ತಿದ್ದರು, ಇವರು ಕಾಯಿಯ ಜನ, ಕಲ್ಲನ್ನ ಗೋಲಿನ ಗೆರೆಯ ಮೇಲೇ ಇಟ್ಟಿದ್ದಾರೆ, ಎರಡು ಕಂಬದ ಸರಿಯಾಗಿ ನಡುವೆ, ದೇವರ ಬಾಗಿಲು ಅಂತ, ಅಪ್ಪ ನನ್ನ ಮುಖದ ಸುತ್ತ ಇಳಿ ತೆಗೆದು ಎತ್ತಿ ಒಗೆದರು, ಫಳ್, ಆಮೇಲೆ ಶಿವಕುಮಾರ್, ಆಮೇಲೆ ಸಂಘದವರು ಒಬ್ಬೊಬ್ಬರೂ, ನಾನೂ ಒಂದು ನಾನೂ ಒಂದು, ಫಳ್ ಫಳ್, ನೀರು ಚಿಮ್ಮಿ ಹುಡುಗಿಯರ ಮೈಮೇಲೆಲ್ಲ, ಅವರಿಗೆ ಖುಷಿ, ಚೂರು ಎತ್ತಿಕೊಂಡು ತಿಂತಿದ್ದಾರೆ, ದೊಡ್ಡ ಚೂರು ಮಾತ್ರ, ಸಣ್ಣವೆಲ್ಲ ಅಲ್ಲೇ ಮಣ್ಣಲ್ಲಿ, ಚಿಪ್ಪಿನ ಅಂಚು ಮೇಲಕ್ಕೆ ಮಾಡಿಕೊಂಡು, ಬಿಳೀ ತಿರುಳು ಬಿಸಿಲಿಗೆ ಹೊಳೀತಿದೆ, ಇನ್ನೊಂದು ಗಳಿಗೆಗೆ ಮ್ಯಾಚು, ಇದೇ ಗೋಲಿನಲ್ಲಿ ಮಾನ್ಯ ಬರಿಗಾಲಲ್ಲಿ ನಿಲ್ತಾಳೆ, ಇದೇ ಮಣ್ಣಿನ ಮೇಲೆ ಬೀಳ್ತಾಳೆ, ಮಂಡಿ, ಮೊಣಕೈ, ಕೆನ್ನೆ.

ಯಾರಿಗೂ ಕಾಣ್ತಿಲ್ಲ, ಅಥವಾ ಕಂಡರೂ ಪ್ರಸಾದ ಅಲ್ಲವಾ ಅಂತ, ಮೇಷ್ಟ್ರು ಮೈಕಿನವರ ಹತ್ತಿರ ಹೋಗಿದ್ದಾರೆ, ಹೇಳಬೇಕು, ಯಾರಾದರೂ ಗುಡಿಸಿ ಅಂತ ಕೂಗಬೇಕು, ಕೀಪರ್ ಆದವಳು ಕೂಗಬೇಕು, ಎಲ್ಲ ಕಾಣೋದು ಅವಳೊಬ್ಬಳಿಗೇ, ಬಾಯಿ ತೆರೆದೆ, ತಮಟೆ ಸದ್ದು, ಬಾಯಿ ಮುಚ್ಚಿದೆ, ಹೋಗಲಿ ನಾನೇ ಹೆಕ್ಕಿಬಿಡ್ತೀನಿ, ಹೇಳೋದಕ್ಕಿಂತ ಮಾಡೋದು ಸುಲಭ ನನಗೆ, ಯಾವಾಗಲೂ ಅಷ್ಟೇ, ಗೋಲಿನೊಳಗೆ ಹೋಗಿ ಬಗ್ಗಿದೆ, ಒಂದು ಚೂರು, ಇನ್ನೊಂದು, ಬಗ್ಗಿದರೆ ಸೊಂಟ ಹಿಡಿಯುತ್ತೆ, ಕೂತು ಹೆಕ್ಕೋಣ ಅಂದುಕೊಂಡು, ಹಿಂದೆಮುಂದೆ ಯೋಚಿಸದೆ, ಅಭ್ಯಾಸಬಲ, ಎರಡೂ ಮಂಡಿ ಊರಿ ಕೂತುಬಿಟ್ಟೆ — ಆಗಲೇ ಒಳಗೆ ಏನೋ ಅಡ್ಡ ಸಿಕ್ಕಿಹಾಕಿಕೊಂಡಿತು, ಬಾಗಿಲ ಸಂದಿಗೆ ಕಲ್ಲು ಸಿಕ್ಕ ಹಾಗೆ, ಚಾಚೋದಕ್ಕೂ ಆಗ್ತಿಲ್ಲ, ಮಡಚೋದಕ್ಕೂ ಆಗ್ತಿಲ್ಲ, ಒಂದು ಉಸಿರು, ಇನ್ನೊಂದು ಉಸಿರು, ಕೈ ನೆಲಕ್ಕೆ ಊರಿ ಏಳೋದಕ್ಕೆ ನೋಡಿದೆ, ಕಣ್ಣು ಕತ್ತಲೆ ಬಂತು, ಹಣೆ ನೆಲಕ್ಕೆ ಹತ್ತಿರ ಬಂದುಬಿಟ್ಟಿತು, ಕಾಯಿ ನೀರಿನ ವಾಸನೆ, ಹಸಿ ಮಣ್ಣು, ಪೇಟ ಉರುಳಿ ಬಿತ್ತು. ತಮಟೆ ನಿಂತಿತು. ನೋಡಿ ಬಂಧುಗಳೇ ನೋಡಿ, ಮೈಕು, ಕ್ರೀಡಾಂಗಣದ ಮಣ್ಣಿಗೆ ತಲೆಬಾಗಿ ನಮಸ್ಕರಿಸ್ತಿದ್ದಾರೆ ನಮ್ಮ ಧನ್ಯಾ, ಎಂಥ ಸಂಸ್ಕಾರ, ಎಂಥ ಭಕ್ತಿ, ಚಪ್ಪಾಳೆ, ಎಷ್ಟೊಂದು ಚಪ್ಪಾಳೆ, ಒಳಗೊಳಗೆ ನಗು ಬರ್ತಿದೆ, ಅಳುವೂ, ಫೋಟೋದವರು ಓಡಿಬಂದರು, ಹಾಗೇ ಇರಿ ಮೇಡಂ ಹಾಗೇ ಇರಿ, ಇರದೆ ಎಲ್ಲಿಗೆ ಹೋಗಲಿ, ಶಿವಕುಮಾರ್ ಅವರಿಗೆ ಕಣ್ಣಲ್ಲಿ ನೀರು, ಏಯ್ ಎಲ್ರೂ ಕೈ ಮುಗೀರೋ ಅಂದರು, ಹುಡುಗಿಯರ ಎರಡು ಟೀಮೂ ಸಾಲಾಗಿ ಬಂದು ಗೋಲಿನ ಮುಂದೆ ಮಂಡಿ ಊರೋದಕ್ಕೆ ಹೊರಟಿವೆ, ಚೂರುಗಳ ಮೇಲೆ, ಬೇಡ ಬೇಡ, ಕೈ ಆಡಿಸಿದೆ, ಆಶೀರ್ವಾದ ಅಂದುಕೊಂಡರು. ಮಾನ್ಯ ಒಬ್ಬಳೇ ಸಾಲಿಗೆ ಸೇರಲಿಲ್ಲ, ಕುಕ್ಕರಗಾಲಲ್ಲಿ ಪಕ್ಕಕ್ಕೆ ಬಂದು ಕೂತಳು, ನನ್ನ ಮುಖ ಬಗ್ಗಿ ನೋಡಿದಳು, ಗ್ಲೌಸಿನ ಕೈಯಿಂದ ನನ್ನ ಮುಂದಿದ್ದ ಚೂರು ಸರಿಸಿದಳು, ಅಕ್ಕ, ಬೆವೆತೋಗಿದ್ದೀರಿ, ನೋವಾ, ಮೆಲ್ಲಗೆ ಕೇಳಿದಳು, ಬಾಯಿ ಮುಚ್ಚದ ಹುಡುಗಿ, ನನಗೊಬ್ಬಳಿಗೇ ಕೇಳೋ ಹಾಗೆ.

ಅಪ್ಪ ಬರ್ತಿದ್ದಾರೆ, ಪಂಚೆ ಎತ್ತಿ ಕಟ್ಟಿ, ಮುಖ ತುಂಬ ಬೆಳಕು, ಇಡೀ ಬಯಲು ಅವರ ಮಗಳಿಗೆ ಕೈ ಮುಗೀತಿದೆ, ಇಂಥ ಮುಖ ನಾನು ಯಾವತ್ತೂ ನೋಡಿಲ್ಲ, ಹುಟ್ಟಿದಾಗ ನೋಡಿದ್ದರೋ ಏನೋ, ಈ ಮುಖ ಹೀಗೇ ಇರಲಿ, ನಾಳಿದ್ದು ವಿಮಾನ ಹತ್ತಿಬಿಡ್ತೀನಿ, ಅಲ್ಲೇ ಬೀಳ್ತೀನಿ, ಯಾರಿಗೂ ಗೊತ್ತಾಗದ ಹಾಗೆ, ಅಪ್ಪ ಬಗ್ಗಿದರು, ಏಳವ್ವ, ಸಾಕು ಏಳು ಮಗ, ಎಲ್ರೂ ಕಾಯ್ತಾವ್ರೆ, ಬಾಲ್ ಒದಿವಂತೆ ಬಾ, ಕೈ ಚಾಚಿದರು, ಕಾಯಿ ಎಸೆದು ಎಸೆದು ಸವೆದ ಅಂಗೈ, ನಾನು ಹಿಡಿಯಲಿಲ್ಲ, ಹಿಡಿದರೆ ಎಳೀತಾರೆ, ಎಳೆದರೆ ಕಿರುಚ್ತೀನಿ, ಅದು ಮೈಕಿಗೆ ಕೇಳುತ್ತೆ, ನಾಚ್ಕೆ ಯಾಕೆ ಮಗ ಅಂತ ಅಪ್ಪ ಇನ್ನೂ ನಗ್ತಿದ್ದಾರೆ, ಅವರ ಹಿಂದೆ ಅಮ್ಮ ಜನ ಸರಿಸಿಕೊಂಡು ಬರ್ತಿದ್ದಾಳೆ, ಅವಳೊಬ್ಬಳು ನಗ್ತಿಲ್ಲ, ಕೈಯೂ ಮುಗಿದಿಲ್ಲ, ರೇಷ್ಮೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾಳೆ, ಹೊತ್ತುಕೊಂಡು ಹೋಗೋದಕ್ಕೆ ಬರ್ತಿರೋಳ ಹಾಗೆ, ಹುಡುಗಿಯರ ಸಾಲು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಬಂತು, ಬಿಳೀ ಚೂರು, ಬರಿಗಾಲು, ಬಿಳೀ ಚೂರು, ಗಂಟಲಲ್ಲಿ ಏನೋ ಎದ್ದು ಬರ್ತಿದೆ, ಎಷ್ಟು ವರ್ಷದಿಂದ ಅಲ್ಲಿತ್ತೋ, ನನ್ನ ದನಿ ಇಷ್ಟು ದೊಡ್ಡದು ಅಂತ ನನಗೇ ಗೊತ್ತಿರಲಿಲ್ಲ, ಮೈಕು ಬೇಕಾಗಲಿಲ್ಲ, ಬಯಲಿನ ಆ ಕೊನೆಯಲ್ಲಿದ್ದ ಬೋರಪ್ಪ ಮೇಷ್ಟ್ರು ಗಕ್ಕನೆ ತಿರುಗಿ ನೋಡಿದರು —

ನಿಲ್ರೇ ಅಲ್ಲೇ, ಯಾರೂ ಮಂಡಿ ಊರಬೇಡಿ! ನಮಸ್ಕಾರ ಅಲ್ಲ ಅಪ್ಪಾ ಇದು. ನನ್ ಮಂಡಿ ಮತ್ತೆ ಹೋಗೈತೆ. ನಂಗೆ ಏಳಕ್ಕಾಗ್ತಿಲ್ಲ.